ಫಣಿಯಮ್ಮನನ್ನು ತೆರೆಗೆ ತಂದವರು

ಕನ್ನಡ ಚಲಚ್ಚಿತ್ರದ ಚರಿತ್ರೆಯನ್ನು ಬರೆಯುವವರು ಪ್ರೇಮಾ ಕಾರಂತರನ್ನು ಸಾಮಾನ್ಯವಾಗಿ ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ‘ಫಣಿಯಮ್ಮ’ ಚಿತ್ರವನ್ನು ತೆಗೆದ ಕನ್ನಡದ ಪ್ರಥಮ ಮಹಿಳಾ ದಿಗ್ದರ್ಶಕಿ ಎಂಬುದು ಮೊದಲನೆಯದು. ಹೆಸರಾಂತ ರಂಗಕರ್ಮಿ ಬಿ. ವಿ. ಕಾರಂತರ ಧರ್ಮಪತ್ನಿ ಎಂಬುದು ಎರಡನೆಯದು. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗೆ ಇದು ಬಹಳ ಅನುಕೂಲ. ಒಂದು ಅಂಕದ ಪ್ರಶ್ನೆಗೆ ಒಂದು ಅಂಕದ ಉತ್ತರ. ಎರಡು ವಾಕ್ಯಗಳೂ ನಿಜವೇ. ಆದರೆ ಮೊದಲನೆಯದು ಅವರಿಗೊಂದು ಕ್ರಮಸಂಖ್ಯೆಯನ್ನು ಕೊಡುತ್ತದೆ, ಎರಡನೆಯದು ಒಂದು ವಿಳಾಸವನ್ನು ಕೊಡುತ್ತದೆ. ಅವರು ಮಾಡಿದ ಕೆಲಸವೇನು, ಅದನ್ನು ಅವರಲ್ಲದೆ ಇನ್ನೊಬ್ಬರು ಮಾಡಬಹುದಾಗಿತ್ತೆ ಎಂಬ ಪ್ರಶ್ನೆ ಎರಡರಲ್ಲಿಯೂ ಏಳುವುದಿಲ್ಲ.

ಬೆಂಗಳೂರಿನಲ್ಲಿ ಬಾಳಿದ ದಿಗ್ದರ್ಶಕಿಯೊಬ್ಬರ ವಿಷಯವನ್ನು ಶಿಗ್ಗಾಂವದಲ್ಲಿ ಕುಳಿತು ಬರೆಯುವುದೇಕೆ ಎಂದು ವಾಚಕರು ಕೇಳಬಹುದು. ನಮ್ಮ ಸೀಮೆಗೆ ನಾಟಕದ ಹುಚ್ಚು ಹೊಸದಲ್ಲ. ಹಾನಗಲ್ಲ ತಾಲೂಕಿನ ಶೇಷಗಿರಿಯಂಥ ಚಿಕ್ಕ ಹಳ್ಳಿಯೊಂದು ತನ್ನ ಊರಲ್ಲಿಯೇ ರಂಗಮಂದಿರವನ್ನು ಕಟ್ಟಿಕೊಂಡು ನಾಟಕವಾಡುವುದನ್ನು ನಾಡೇ ಬಲ್ಲದು. ನಮ್ಮ ತಾಲೂಕಿನ ಶಿಶುನಾಳದ ಶರೀಫರ ಬಾಳನ್ನು 1990ರಲ್ಲಿ ತೆರೆಗೆ ತಂದ ಟಿ. ಎಸ್. ನಾಗಾಭರಣರೂ ಕಾರಂತ ದಂಪತಿಗಳ ‘ಬೆನಕ’ ಬಳಗದಿಂದ ಬಂದವರೇ. ಇದಿಷ್ಟೇ ಆಗಿದ್ದರೆ ಸಂಬಂಧ ದೂರದ್ದಾಗುತ್ತಿತ್ತು. ಫಣಿಯಮ್ಮನ ಕಥೆ ತೀರ್ಥಹಳ್ಳಿಯ ಕಡೆಯ ಮಲೆನಾಡಿನದು. ಮಲೆನಾಡಿನ ಅಂಚಿಗೆ ಹೊಂದಿಕೊಂಡಿರುವ ನಮ್ಮ ಸೀಮೆಯ ಅಗ್ರಹಾರಗಳಲ್ಲಿಯೂ, ಸವಣೂರು-ಹಾನಗಲ್ಲಗಳ ಹಳೆಯ ಮನೆಗಳಲ್ಲಿಯೂ, ತಲೆ ಬೋಳಿಸಿಕೊಂಡು ಕೆಂಪು ಇಲ್ಲವೆ ಬಿಳಿ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹಿತ್ತಲಲ್ಲಿ ದುಡಿಯುತ್ತಿದ್ದ ಮಡಿ ಹೆಂಗಸರು ಇದ್ದರು. ಅವರ ಮುಖಗಳನ್ನು ಕಂಡವರು ಈಗ ಬಹಳ ಕಡಿಮೆ. ಕನ್ನಡದಲ್ಲಿ ಅಂಥ ಒಂದು ಬಾಳನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನೋಡಿದ ಚಿತ್ರವೆಂದರೆ ಇದೇ.

‘ಪ್ರಯೋಗ’ವೆಂಬ ಶಬ್ದ

ನಮ್ಮ ಭಾಷೆಯಲ್ಲಿ ‘ಪ್ರಯೋಗ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ವಿಜ್ಞಾನದ ಅಧ್ಯಾಪಕರು ಗಾಜಿನ ನಳಿಗೆಯಲ್ಲಿ ಮಾಡುವುದೂ ಪ್ರಯೋಗವೇ. ನಾಟಕದ ಮಂಡಳಿ ರಾತ್ರಿ ಒಂಬತ್ತೂವರೆಗೆ ಪರದೆ ಎತ್ತಿ ಆಡುವುದೂ ಪ್ರಯೋಗವೇ. ಚಲಚ್ಚಿತ್ರದ ವಿಷಯದಲ್ಲಿ ‘ಪ್ರಯೋಗಾತ್ಮಕ’ ಎಂಬ ವಿಶೇಷಣವನ್ನು ನಾವು ಸ್ವಲ್ಪ ಅಂಜಿಕೆಯಿಂದಲೇ ಬಳಸುತ್ತೇವೆ. ಹಾಡಿಲ್ಲದ್ದು, ಹೊಡೆದಾಟವಿಲ್ಲದ್ದು, ನಿಧಾನವಾಗಿ ಸಾಗುವುದು, ಪ್ರಶಸ್ತಿ ಪಡೆಯುವುದು, ಥಿಯೇಟರಿನಲ್ಲಿ ನಾಲ್ಕು ದಿನ ನಿಲ್ಲದ್ದು ಎಂಬ ಅರ್ಥವೆಲ್ಲ ಅದರೊಳಗೆ ಸೇರಿಕೊಂಡಿದೆ.

ಪರದೇಶಗಳಲ್ಲಿ ಈ ದಾರಿಯನ್ನು ಮೊದಲು ಹಿಡಿದವರಲ್ಲಿ ಸ್ತ್ರೀಯರು ಇದ್ದರೆಂಬುದು ಗಮನಿಸಬೇಕಾದ ಸಂಗತಿ. 1917ರಲ್ಲಿ ಕೀವ್ ನಗರದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಬೆಳೆದ ಮಾಯಾ ಡೆರೆನ್ 1943ರಲ್ಲಿ ಪತಿಯೊಡನೆ ಲಾಸ್ ಏಂಜಲೀಸಿನ ತಮ್ಮ ಮನೆಯನ್ನೇ ಚಿತ್ರಶಾಲೆಯನ್ನಾಗಿ ಮಾಡಿಕೊಂಡು, ತಾನೇ ಅಭಿನಯಿಸಿ, ಕಾಲು ಗಂಟೆಯೂ ಇಲ್ಲದ ‘ಮೆಶಸ್ ಆಫ್ ದಿ ಆಫ್ಟರ್‌ನೂನ್’ ಎಂಬ ಮೂಕಚಿತ್ರವನ್ನು ತೆಗೆದಳು. ಒಬ್ಬ ಹೆಣ್ಣು, ಒಂದು ಬೀಗದ ಕೈ, ಒಂದು ಚೂರಿ, ಒಂದು ಮೆಟ್ಟಿಲು ಇವೇ ಅದರ ಸಾಮಗ್ರಿ. ಹಣವಿಲ್ಲದ ಹವ್ಯಾಸಿಗೆ ದೊಡ್ಡ ಚಿತ್ರಶಾಲೆಗಳವರಿಗಿಲ್ಲದ ಸ್ವಾತಂತ್ರ್ಯವಿದೆ ಎಂಬುದು ಅವಳ ವಾದವಾಗಿತ್ತು. ಫ್ರಾನ್ಸಿನ ಆಗ್ನೆಸ್ ವಾರ್ದಾ ರಂಗಭೂಮಿಯಿಂದ ಬಂದವಳು. ನಾಟಕಗಳ ಛಾಯಾಚಿತ್ರಗಳನ್ನು ತೆಗೆಯುವುದು ಅವಳ ಉದ್ಯೋಗವಾಗಿತ್ತು. ಸಿನಿಮಾಗಳನ್ನೇ ಹೆಚ್ಚು ನೋಡಿರದ ಆಕೆ 1954ರಲ್ಲಿ ಮೀನುಗಾರರ ಕೇರಿಯೊಂದಕ್ಕೆ ಹೋಗಿ ತನ್ನ ಮೊದಲ ಚಿತ್ರವನ್ನು ತೆಗೆದಳು. ನಾಲ್ಕೈದು ವರ್ಷಗಳ ಅನಂತರ ಅದೇ ಬಗೆಯ ಚಿತ್ರಗಳು ತರುಣರ ಕೈಯಿಂದ ಬಂದಾಗ ಅವಕ್ಕೆ ‘ಹೊಸ ಅಲೆ’ ಎಂಬ ಹೆಸರಾಯಿತು. ಕೀರ್ತಿಯ ಬಹುಪಾಲು ಅವರಿಗೇ ಸಂದಿತು.

ಪ್ರೇಮಾ ಕಾರಂತರು ಡೆರೆನಳಂತೆ ಕನಸಿನ ಭಾಷೆಯಲ್ಲಿ ಚಿತ್ರ ತೆಗೆದವರಲ್ಲ. ವಾರ್ದಾಳಿಗೂ ಇವರಿಗೂ ಒಂದು ಹೋಲಿಕೆ ಮಾತ್ರ ಸ್ಪಷ್ಟವಾಗಿದೆ: ಇಬ್ಬರೂ ರಂಗದ ಪಕ್ಕದಲ್ಲಿ ನಿಂತು ಇತರರು ಆಡುವುದನ್ನು ಬಹುಕಾಲ ನೋಡಿದವರು. ಪ್ರೇಮಾ ಅವರ ಕೈಯಲ್ಲಿ ಇದ್ದದ್ದು ಕ್ಯಾಮರಾ ಅಲ್ಲ, ಸೂಜಿದಾರ.

ಭದ್ರಾವತಿಯಿಂದ ದಿಲ್ಲಿಗೆ

ಅವರು ಹುಟ್ಟಿದ್ದು 1936ರ ಆಗಸ್ಟ್ 15ರಂದು, ಭದ್ರಾವತಿಯಲ್ಲಿ. ಎಳವೆಯಲ್ಲಿಯೇ ಹೆತ್ತವರ ಆಸರೆ ತಪ್ಪಿತು. ಶಿಡ್ಲಘಟ್ಟದಲ್ಲಿ ಬಂಧುಗಳ ನೆರಳಲ್ಲಿ ಬೆಳೆದರು. ಬೆಂಗಳೂರಿನಲ್ಲಿ ಶಾಲೆಯ ಉಪಾಧ್ಯಾಯಿನಿಯಾಗಿ ದುಡಿಮೆ ಆರಂಭಿಸಿದರು. 1958ರಲ್ಲಿ ಬಾಬುಕೋಡಿ ವೆಂಕಟರಮಣ ಕಾರಂತರನ್ನು ಮದುವೆಯಾದರು. ಕಾರಂತರು ಬಂಟವಾಳ ತಾಲೂಕಿನ ಮಂಚಿಯವರು. ಗುಬ್ಬಿ ಕಂಪನಿಯಲ್ಲಿ ಪಳಗಿ, ವೀರಣ್ಣನವರ ನೆರವಿನಿಂದಲೇ ಹಿಂದಿ ಎಂ.ಎ. ಓದಲು ಬನಾರಸಕ್ಕೆ ಹೋದವರು. ಪ್ರೇಮಾ ಅವರೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ಪಡೆದರು. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಕಾರಂತರು 1962ರಲ್ಲಿ ಹೊರಬಂದರು.

ಇಲ್ಲಿಯವರೆಗಿನ ಕಥೆ ಎಷ್ಟೋ ಕಲಾವಿದರ ಮನೆಗಳ ಕಥೆ. ಗಂಡ ಕಲಿಯುತ್ತಾನೆ, ಹೆಂಡತಿ ಶಾಲೆಯಲ್ಲಿ ಕಲಿಸಿ ಮನೆ ನಡೆಸುತ್ತಾಳೆ. ಮುಂದಿನದು ಮಾತ್ರ ಬೇರೆ. ಮೂವತ್ತು ದಾಟಿದ ಮೇಲೆ ಈ ಉಪಾಧ್ಯಾಯಿನಿ ತಾನೂ ಅದೇ ನಾಟಕ ಶಾಲೆಗೆ ವಿದ್ಯಾರ್ಥಿನಿಯಾಗಿ ಸೇರಿದರು. ಇಬ್ರಾಹಿಂ ಅಲ್ಕಾಜಿಯವರು ಆಗ ಅದರ ನಿರ್ದೇಶಕರು, ಶಿಸ್ತಿಗೆ ಹೆಸರಾದವರು. ಪತಿ ಈಗಾಗಲೇ ಹೆಸರು ಮಾಡಿದ ಕಡೆ, ತನಗಿಂತ ಹತ್ತು ವರ್ಷ ಕಿರಿಯರ ಪಂಕ್ತಿಯಲ್ಲಿ ಕುಳಿತು ಮೊದಲ ಪಾಠದಿಂದ ಕಲಿಯುವುದು ಸುಲಭದ ಮಾತಲ್ಲ. ಅವರ ಬಾಳಿನಲ್ಲಿ ನನಗೆ ಅತ್ಯಂತ ಧೈರ್ಯದ ಕೆಲಸವಾಗಿ ಕಾಣುವುದು ಇದು. ‘ಫಣಿಯಮ್ಮ’ನ ಮಾತು ಅನಂತರದ್ದು.

ಎಪ್ಪತ್ತರ ದಶಕದಲ್ಲಿ ದಂಪತಿಗಳು ಬೆಂಗಳೂರಿಗೆ ಬಂದರು. ಬೆಂಗಳೂರು ನಗರ ಕಲಾವಿದರು ಎಂಬುದನ್ನು ಮೊಟಕುಗೊಳಿಸಿ ‘ಬೆನಕ’ ಎಂಬ ತಂಡ ಹುಟ್ಟಿತು. ಪ್ರೇಮಾ ಅವರು ಅಲ್ಲಿ ವಹಿಸಿಕೊಂಡದ್ದು ವೇಷಭೂಷಣವನ್ನು. ನಮ್ಮ ಕಡೆಯ ಕಂಪನಿ ನಾಟಕಗಳನ್ನು ನೋಡಿದವರಿಗೆ ವೇಷವೆಂದರೆ ಏನೆಂಬುದು ಗೊತ್ತು: ಜರಿಯಂಚಿನ ಮಖಮಲ್ಲು, ಹೊಳೆಯುವ ಕಿರೀಟ, ದ್ರೌಪದಿಗೂ ಹೇಮರೆಡ್ಡಿ ಮಲ್ಲಮ್ಮನಿಗೂ ಒಂದೇ ಟ್ರಂಕಿನ ಸೀರೆ. ಅದರ ಸೊಗಸನ್ನು ನಾನು ಹಳಿಯುವುದಿಲ್ಲ. ದೀಪದ ಬೆಳಕಿನಲ್ಲಿ ಅದು ಮಾಡುವ ಮಾಟವೇ ಬೇರೆ. ಆದರೆ ಹೊಸ ನಾಟಕಗಳಿಗೆ ಬೇಕಾದದ್ದು ಪಾತ್ರದ ವಯಸ್ಸು, ಜಾತಿ, ಕಸುಬು, ಬಡತನಗಳನ್ನು ಮಾತಿಲ್ಲದೆ ಹೇಳುವ ಬಟ್ಟೆ. ಜಿ. ವಿ. ಅಯ್ಯರ್ ಅವರು 1975ರಲ್ಲಿ ‘ಹಂಸಗೀತೆ’ಯನ್ನು ತೆಗೆದಾಗ ಅದರ ವೇಷಭೂಷಣವನ್ನು ಒಪ್ಪಿಸಿದ್ದು ಪ್ರೇಮಾ ಅವರಿಗೆ. ಅವರದೇ ‘ಕುದುರೆ ಮೊಟ್ಟೆ’ ಚಿತ್ರಕ್ಕೆ ಇವರು ಕಲಾನಿರ್ದೇಶಕಿಯಾದರು. ಹೀಗೆ ಅವರು ಸಿನಿಮಾದೊಳಗೆ ಕಾಲಿಟ್ಟದ್ದು ಹಿಂಬಾಗಿಲಿನಿಂದ, ಬಟ್ಟೆಯ ಗಂಟನ್ನು ಹೊತ್ತು.

ಇನ್ನೊಂದು ಕೆಲಸ ಮಕ್ಕಳದು. ಬೆನಕದ ಮಕ್ಕಳ ತಂಡವನ್ನು ಕಟ್ಟಿ ‘ಅಳಿಲು ರಾಮಾಯಣ’ದಂಥ ನಾಟಕಗಳನ್ನು ಅವರು ಆಡಿಸಿದರು. ಮಕ್ಕಳ ನಾಟಕವೆಂದರೆ ವಾರ್ಷಿಕ ಸ್ನೇಹಸಮ್ಮೇಲನದ ಗಡಿಬಿಡಿ ಎಂದು ತಿಳಿದ ಕಾಲದಲ್ಲಿ ಅದನ್ನು ವರ್ಷವಿಡೀ ನಡೆಯುವ ಶಿಕ್ಷಣವನ್ನಾಗಿ ಮಾಡಿದರು. ಇದನ್ನು ಕುರಿತು ಬೇರೆಯೇ ಲೇಖನ ಬರೆಯಬಹುದು. ಇಲ್ಲಿ ಅದಕ್ಕೆ ಸ್ಥಳವಿಲ್ಲ.

ಐದು ಹೆಂಗಸರ ಕಥೆ

‘ಫಣಿಯಮ್ಮ’ ಮೊದಲು ಕಾದಂಬರಿ. ಬರೆದವರು ಎಂ. ಕೆ. ಇಂದಿರಾ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಹನ್ನೆರಡನೆಯ ವಯಸ್ಸಿನಲ್ಲಿಯೇ ಮದುವೆಯಾಯಿತು. ನಲವತ್ತು ದಾಟಿದ ಮೇಲೆ ಲೇಖನಿ ಹಿಡಿದರು. 1963ರಲ್ಲಿ ‘ತುಂಗಭದ್ರ’ ಬಂದಿತು. ಪುಟ್ಟಣ್ಣ ಕಣಗಾಲರು ‘ಗೆಜ್ಜೆಪೂಜೆ’ಯನ್ನು ಚಿತ್ರವಾಗಿಸಿದ ಮೇಲೆ ಅವರ ಹೆಸರು ಮನೆಮನೆಯ ಮಾತಾಯಿತು. 1976ರ ‘ಫಣಿಯಮ್ಮ’ ಮಾತ್ರ ಅವರ ಉಳಿದ ಕಾದಂಬರಿಗಳಂತಲ್ಲ. ಫಣಿಯಮ್ಮ ಕಲ್ಪನೆಯ ವ್ಯಕ್ತಿಯಲ್ಲ, ಲೇಖಕಿಯ ಬಂಧುವರ್ಗದ ಹಿರಿಯ ವಿಧವೆ. ತನ್ನ ಬಾಳನ್ನು ಆಕೆ ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಬಳಿ; ತಾಯಿಯಿಂದ ಅದು ಮಗಳಿಗೆ ಬಂದಿತು. ಮಗಳು ಅದನ್ನು ಪುಸ್ತಕ ಮಾಡಿದರು. ಪುಸ್ತಕದಿಂದ ಪ್ರೇಮಾ ಕಾರಂತರು ಚಿತ್ರ ತೆಗೆದರು. ತೇಜಸ್ವಿನಿ ನಿರಂಜನರು ಅದನ್ನು ಇಂಗ್ಲಿಷಿಗೆ ಅನುವಾದಿಸಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಪಡೆದರು. ಹೇಳಿದವಳು, ಕೇಳಿದವಳು, ಬರೆದವಳು, ತೆರೆಗೆ ತಂದವಳು, ಅನ್ಯಭಾಷೆಗೆ ಒಯ್ದವಳು: ಐವರೂ ಹೆಂಗಸರು. ಕುಟ್ಟುವ ಬೀಸುವ ಹಾಡು ಹೀಗೆಯೇ ಬಾಯಿಂದ ಬಾಯಿಗೆ ಸಾಗಿಬಂದಿತಲ್ಲವೆ?

ಕಾದಂಬರಿ ಹೇಳುವಂತೆ ಫಣಿಯಮ್ಮ ಬಾಳಿದ್ದು 1840ರಿಂದ 1952ರವರೆಗೆ, 112 ವರ್ಷ. ಒಂಬತ್ತು ವರ್ಷದ ಹುಡುಗಿಗೆ ಮದುವೆ. ಸ್ವಲ್ಪ ದಿನಗಳಲ್ಲಿಯೇ ಹಾವು ಕಚ್ಚಿ ಗಂಡ ಸತ್ತ. ಆ ಹುಡುಗನ ಮುಖವನ್ನೂ ಸರಿಯಾಗಿ ನೋಡಿರದ ಮಗು ಮೈನೆರೆದ ಮೇಲೆ ಕೂದಲನ್ನು ಕಳೆದುಕೊಂಡಿತು. ಆಮೇಲೆ ಒಂದು ಹೊತ್ತಿನ ಊಟ, ಮಡಿ, ಕೆಲಸ. ಬ್ರಿಟಿಷ್ ಸರಕಾರ ವಿಧವಾ ಪುನರ್ವಿವಾಹದ ಕಾನೂನನ್ನು ಮಾಡಿದ್ದು 1856ರಲ್ಲಿ. ಆಗ ಫಣಿಯಮ್ಮನಿಗೆ ಹದಿನಾರು ವರ್ಷ. ಮಲೆನಾಡಿನ ಆ ದೊಡ್ಡ ಮನೆಯ ಹೊಸ್ತಿಲನ್ನು ಅದು ದಾಟಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹವನ್ನು ನಿಷೇಧಿಸಿತು. ಅದು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಒಂಬತ್ತರ ಫಣಿ ಆ ಕಾನೂನಿನ ಕಾಲದಲ್ಲಿ ಹುಟ್ಟಿದ್ದರೂ ಮದುವೆ ನಿಲ್ಲುತ್ತಿರಲಿಲ್ಲ.

ಘಟಶ್ರಾದ್ಧ ಮುಗಿದ ಮೇಲೆ

1970ರ ‘ಸಂಸ್ಕಾರ’ದಿಂದ ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳು ಆರಂಭವಾದವು. ಅವುಗಳಲ್ಲಿ ವಿಧವೆಯ ಪಾತ್ರ ಮರಳಿ ಮರಳಿ ಬರುತ್ತದೆ. ಭೈರಪ್ಪನವರ ಕಾದಂಬರಿಯಿಂದ ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ ತೆಗೆದ ‘ವಂಶವೃಕ್ಷ’ದಲ್ಲಿ ಕಾತ್ಯಾಯನಿ ಮರುಮದುವೆಯಾಗಿ, ಅದರ ಬೆಲೆಯನ್ನು ತನ್ನ ದೇಹದಲ್ಲಿಯೇ ತೆರುತ್ತಾಳೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ ಯಮುನಕ್ಕ ಗರ್ಭವತಿಯಾಗಿ, ಬದುಕಿರುವಾಗಲೇ ತನ್ನ ಶ್ರಾದ್ಧವನ್ನು ಕಾಣುತ್ತಾಳೆ. ಎರಡೂ ಶ್ರೇಷ್ಠ ಚಿತ್ರಗಳು. ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲವೂ ಬಂದಿತು. ಆದರೆ ಎರಡರಲ್ಲಿಯೂ ವಿಧವೆ ಚಿತ್ರದೊಳಗೆ ಬರಬೇಕಾದರೆ ಆಕೆ ನಿಯಮವನ್ನು ಮೀರಬೇಕು. ಮೀರಿದಾಗ ಮಾತ್ರ ಆಕೆ ಕಥೆಯಾಗುತ್ತಾಳೆ. ‘ಘಟಶ್ರಾದ್ಧ’ವು ಯಮುನಕ್ಕನ ಬೋಳುತಲೆಯನ್ನು ತೋರಿಸಿ ಮುಗಿಯುತ್ತದೆ. ಅದನ್ನು ನೋಡಿದ ಪ್ರೇಕ್ಷಕ ಮರುಕದಿಂದ ಎದ್ದು ಮನೆಗೆ ಹೋಗುತ್ತಾನೆ. ಮರುದಿನ ಬೆಳಿಗ್ಗೆ ಆ ಹೆಣ್ಣು ಎದ್ದು ಏನು ಮಾಡಿದಳು?

ಪ್ರೇಮಾ ಕಾರಂತರ ಚಿತ್ರ ಈ ಪ್ರಶ್ನೆಯಿಂದ ಹೊರಡುತ್ತದೆ. ಉಳಿದವರ ಚಿತ್ರಗಳು ಮುಗಿಯುವ ಸ್ಥಳ ಅವರಿಗೆ ಆರಂಭದ ಸ್ಥಳ. ಫಣಿಯಮ್ಮ ಯಾವ ನಿಯಮವನ್ನೂ ಮೀರಿದವಳಲ್ಲ. ಬಾವಿಗೆ ಹಾರಿದವಳಲ್ಲ, ಓಡಿಹೋದವಳಲ್ಲ. ಆಕೆ ಬಾಳಿದಳು, ದುಡಿದಳು, ನೋಡಿದಳು. ಇಂಥ ಬಾಳಿನಿಂದ ಎರಡು ಗಂಟೆಯ ಚಿತ್ರವನ್ನು ತೆಗೆಯಲು ಹೊರಡುವುದೇ ಒಂದು ಪ್ರಯೋಗ. ಸಂಘರ್ಷ ಬೇಕು, ತಿರುವು ಬೇಕು, ಖಳನಾಯಕ ಬೇಕು ಎಂದು ಚಿತ್ರಕಥೆಯ ವ್ಯಾಕರಣ ಬಲ್ಲವರು ಹೇಳಿಯಾರು. ಇಲ್ಲಿ ಖಳನಾಯಕನೆಂಬವನು ಇಲ್ಲ. ಮನೆಯವರು ಕೆಟ್ಟವರೂ ಅಲ್ಲ. ಮಗಳ ದುಃಖಕ್ಕೆ ಅಳುತ್ತಲೇ ಅವಳನ್ನು ಕ್ಷೌರಿಕನ ಮುಂದೆ ಕೂಡಿಸುವ ಜನ ಅವರು.

ಫಣಿಯಮ್ಮನ ಪಾತ್ರಕ್ಕೆ ಆರಿಸಿದ್ದು ಎಲ್. ವಿ. ಶಾರದಾ ಅವರನ್ನು. ‘ವಂಶವೃಕ್ಷ’ದಲ್ಲಿ ಕಾತ್ಯಾಯನಿಯಾಗಿದ್ದವರೂ ಇವರೇ! ಮರುಮದುವೆಯಾದ ತರುಣ ವಿಧವೆಯಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಂತಿದ್ದ ಮುಖವನ್ನು ಹತ್ತು ವರ್ಷಗಳ ಅನಂತರ ಕೂದಲಿಲ್ಲದೆ, ಕುಂಕುಮವಿಲ್ಲದೆ ತೋರಿಸಿದಾಗ ಎರಡು ಚಿತ್ರಗಳು ಒಂದರೊಡನೊಂದು ಮಾತನಾಡತೊಡಗುತ್ತವೆ. ಛಾಯಾಗ್ರಹಣ ಮಧು ಅಂಬಾಟ್ ಅವರದು, ಸಂಗೀತ ಕಾರಂತರದು. ಕಾರಂತರು ಪತ್ನಿಯ ಚಿತ್ರಕ್ಕೆ ಸಂಗೀತಗಾರರಾಗಿ ಕೆಲಸ ಮಾಡಿದರು ಎಂಬುದನ್ನು ನಾನು ಬೇಕೆಂದೇ ಈ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಉಡುಪಿನ ಕಲಾವಿದೆಯೊಬ್ಬರು ತಮ್ಮ ಮೊದಲ ಚಿತ್ರಕ್ಕೆ ಆರಿಸಿಕೊಂಡ ನಾಯಿಕೆಗೆ ಬಾಳಿನುದ್ದಕ್ಕೂ ಒಂದೇ ಬಗೆಯ ಸೀರೆ ಎಂಬುದು ಸೋಜಿಗ. ಬಣ್ಣ ಬದಲಾಗುವಂತಿಲ್ಲ, ಒಡವೆ ಇಲ್ಲ, ತುರುಬಿಲ್ಲ. ನಟಿಯ ಬಳಿ ಉಳಿಯುವುದು ಕಣ್ಣು ಮತ್ತು ಕೈ. ಕಥೆಯಲ್ಲಿ ಫಣಿಯಮ್ಮನ ಕೈಗಳಿಗೆ ವಿಶೇಷ ಮಹತ್ವವಿದೆ. ಆಕೆಯವು ಸಣ್ಣ ಕೈಗಳು. ಹೆರಿಗೆ ಕಷ್ಟವಾದಾಗ ಸುತ್ತಿನವರು ಆಕೆಯನ್ನೇ ಕರೆಯುತ್ತಾರೆ. ಮುಟ್ಟಬಾರದ ಜಾತಿಯೆಂದು ದೂರವಿಟ್ಟ ಮನೆಯ ಹೆಣ್ಣು ಪ್ರಸವವೇದನೆಯಿಂದ ಒದ್ದಾಡುವಾಗ ಆಕೆ ರಾತ್ರಿಯಲ್ಲಿ ಹೋಗಿ ಮಗುವನ್ನು ಬಿಡಿಸಿ ಬರುತ್ತಾಳೆ. ಮಡಿಯ ಹೆಸರಿನಲ್ಲಿ ಯಾರನ್ನೂ ಮುಟ್ಟಬಾರದೆಂದು ಕಟ್ಟಿಹಾಕಿದ ಕೈ ಅದು. ಕಥೆಯ ಕೊನೆಯ ಭಾಗದಲ್ಲಿ ದಾಕ್ಷಾಯಣಿ ಎಂಬ ತರುಣ ವಿಧವೆ ತಲೆ ಬೋಳಿಸಿಕೊಳ್ಳಲಾರೆನೆಂದು ಹಟ ಹಿಡಿದಾಗ, ಹಿರಿಯರೆಲ್ಲ ಮಡಿಯ ಮಾದರಿಯೆಂದು ಫಣಿಯಮ್ಮನ ಕಡೆಗೆ ನೋಡುತ್ತಾರೆ. ಫಣಿಯಮ್ಮ ನಿಲ್ಲುವುದು ದಾಕ್ಷಾಯಣಿಯ ಪಕ್ಷದಲ್ಲಿ. ನಿಯಮವನ್ನು ಅಕ್ಷರಶಃ ಪಾಲಿಸಿದವಳ ಬಾಯಿಂದ ಬಂದ ಆ ಮಾತಿಗೆ ಪುರೋಹಿತರಲ್ಲಿ ಉತ್ತರವಿಲ್ಲ. ಸುಧಾರಕರ ಭಾಷಣಕ್ಕೆ ಉತ್ತರ ಕೊಡಬಹುದಿತ್ತು.

ಈ ಚಿತ್ರವನ್ನು ಒಮ್ಮೆ ನಮ್ಮ ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ಗೋಡೆಗೆ ಬಿಳಿಯ ಪಂಚೆ ಕಟ್ಟಿ ತೋರಿಸಿದೆ. ಮೊದಲ ಅರ್ಧ ಗಂಟೆ ಹಿಂದಿನ ಬೆಂಚುಗಳಲ್ಲಿ ಕೆಮ್ಮು, ಪಿಸುಮಾತು ನಡೆದೇ ಇತ್ತು. ಕೇಶವಪನದ ಹೊತ್ತಿಗೆ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಮುಗಿದ ಮೇಲೆ ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು, ತನ್ನ ಅಜ್ಜಿಯ ಸೋದರತ್ತೆಯೊಬ್ಬಳು ಹೀಗೆಯೇ ಗೋಡೆಗೆ ಬೆನ್ನು ಹಚ್ಚದೆ ಕೂಡುತ್ತಿದ್ದಳೆಂದು ಮನೆಯಲ್ಲಿ ಹೇಳುತ್ತಾರೆ, ಆದರೆ ಅವಳ ಹೆಸರು ಯಾರಿಗೂ ನೆನಪಿಲ್ಲ ಎಂದಳು. ಆ ಹೆಸರನ್ನು ಕೇಳಿಕೊಂಡು ಬಾ ಎಂದು ನಾನು ಹೇಳಿದೆ. ವಾರದ ಮೇಲೂ ಅದು ಸಿಕ್ಕಿರಲಿಲ್ಲ.

ಉಳಿದದ್ದು

1982ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ‘ಫಣಿಯಮ್ಮ’ ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಆ ಮನ್ನಣೆಯ ಮೇಲೆ ಒಂದಾದ ಮೇಲೊಂದು ಚಿತ್ರಗಳು ಬರಬೇಕಾಗಿತ್ತು. ಬಂದವು ಕೆಲವೇ. ಮಕ್ಕಳಿಗಾಗಿ ‘ನಕ್ಕಳಾ ರಾಜಕುಮಾರಿ’ಯನ್ನು ಮಾಡಿದರು, ಹಿಂದಿಯಲ್ಲಿಯೂ ಚಿತ್ರ ತೆಗೆದರು. ಆದರೆ ‘ಫಣಿಯಮ್ಮ’ನ ಎತ್ತರದ ಇನ್ನೊಂದು ಕನ್ನಡ ಚಿತ್ರ ಅವರಿಂದ ಬರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಇಂಥ ಚಿತ್ರಕ್ಕೆ ಹಣ ಹೂಡುವವರು ವಿರಳ. ಹೂಡುವವರಿದ್ದರೂ ಹೆಣ್ಣಿನ ಕೈಗೆ ಕೊಡುವವರು ಇನ್ನೂ ವಿರಳ. ಕಾರಂತರೋ ಊರೂರು ತಿರುಗಿದವರು: ದಿಲ್ಲಿ, ಭೋಪಾಲ, ಮೈಸೂರು. ಹೋದಲ್ಲೆಲ್ಲ ಒಂದು ಸಂಸ್ಥೆ ಎದ್ದಿತು. ಅಂಥವರ ಮನೆಯಲ್ಲಿ ಇನ್ನೊಬ್ಬ ಕಲಾವಿದೆಗೆ ತನ್ನದೇ ಆದ ಹೊತ್ತು ಎಷ್ಟು ಸಿಕ್ಕೀತೆಂಬುದನ್ನು ವಾಚಕರೇ ಊಹಿಸಬಹುದು. ವಾಚಕಿಯರು ಊಹಿಸಬೇಕಾಗಿಯೇ ಇಲ್ಲ.

ಹದಿನಾರು ವರ್ಷಗಳ ಅನಂತರ, 1999ರಲ್ಲಿ, ಕವಿತಾ ಲಂಕೇಶರ ‘ದೇವೀರಿ’ ಬಂದಿತು. 2018ರಲ್ಲಿ ಚಂಪಾ ಶೆಟ್ಟಿಯವರು ವೈದೇಹಿಯವರ ಕಥೆಗಳಿಂದ ‘ಅಮ್ಮಚ್ಚಿಯೆಂಬ ನೆನಪು’ ಚಿತ್ರವನ್ನು ತೆಗೆದರು. ಅದರಲ್ಲಿಯೂ ಹಳೆಯ ಮನೆಯೊಂದರ ಹೆಂಗಸರು. ಬರೆದವರೂ ಹೆಣ್ಣು, ತೆಗೆದವರೂ ಹೆಣ್ಣು, ತೆಗೆದವರು ಬಂದದ್ದೂ ರಂಗಭೂಮಿಯಿಂದ. ಪ್ರೇಮಾ ಅವರ ಶಿಷ್ಯೆಯೆ ಎಂದರೆ ಅಲ್ಲ. ಆದರೂ ದಾರಿ ಅದೇ.

ಕಾರಂತರು 2002ರಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ವೈದೇಹಿಯವರು ಕೇಳಿ ಬರೆದುಕೊಂಡರು. ಅದರ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಪ್ರೇಮಾ ಅವರೂ ತಮ್ಮ ಬಾಳನ್ನು ಹೇಳಿ ಬರೆಸಿದರು. ಆ ಪುಸ್ತಕದ ಹೆಸರು ‘ಸೋಲಿಸಬೇಡ ಗೆಲಿಸಯ್ಯ’. ಒಂದೇ ಮನೆಯ ಎರಡು ಪುಸ್ತಕಗಳು. ಗ್ರಂಥಾಲಯಗಳಲ್ಲಿ ಮೊದಲನೆಯದು ಸುಲಭವಾಗಿ ಸಿಗುತ್ತದೆ, ಎರಡನೆಯದನ್ನು ಹುಡುಕಬೇಕಾಗುತ್ತದೆ. 2007ರ ಅಕ್ಟೋಬರ್ 29ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಪ್ರೇಮಾ ಕಾರಂತರು ನಿಧನ ಹೊಂದಿದರು. ನಮ್ಮ ಕಾಲೇಜಿನ ಗ್ರಂಥಪಾಲರಿಗೆ ಆ ಎರಡನೆಯ ಪುಸ್ತಕವನ್ನು ತರಿಸಿಕೊಡಬೇಕೆಂದು ಈ ವರ್ಷದ ಪಟ್ಟಿಯಲ್ಲಿ ಬರೆದುಕೊಟ್ಟಿದ್ದೇನೆ.